ಹುಬ್ಬಳ್ಳಿ ಹೆಸರಿನ ಯುದ್ಧನೌಕೆ ಯಾಕಿಲ್ಲ?

ಪ್ರಶ್ನೆ: ಮೈಸೂರು ಹೆಸರಿನ ಯುದ್ಧನೌಕೆ ಇದೆ, ನಮ್ಮ ಹುಬ್ಬಳ್ಳಿ ಹೆಸರಿನದು ಯಾಕಿಲ್ಲರೀ? ಸಮುದ್ರ ಇಲ್ಲದ ಊರು ಅಂತಲಾ? ಈ ಹೆಸರು ಇಡೋರು ಯಾರು?
(ಹುಬ್ಬಳ್ಳಿಯ ಓದುಗರು)

ಉತ್ತರ: ಮೈಸೂರಿಗೆಲ್ಲಿದೆ ಸಮುದ್ರ? ದೆಹಲಿಗೂ ಇಲ್ಲ, ಇಂಫಾಲಕ್ಕೂ ಇಲ್ಲ. ಆದರೂ ಮೂರೂ ಹೆಸರಿನ ಡಿಸ್ಟ್ರಾಯರ್‌ಗಳಿವೆ, ಅಂದರೆ ದೊಡ್ಡ ಯುದ್ಧನೌಕೆಗಳು. ಇಂಫಾಲ ನೌಕಾಪಡೆಗೆ ಸೇರಿದ್ದು 2023ರ ಡಿಸೆಂಬರಿನಲ್ಲಿ. ಈಶಾನ್ಯದ ಊರಿನ ಹೆಸರು ಯುದ್ಧನೌಕೆಗೆ ಬಂದದ್ದು ಅದೇ ಮೊದಲು.

ಹೆಸರು ಆರಿಸಲು ನೌಕಾಪಡೆಯೊಳಗೇ ಒಂದು ಸಮಿತಿ ಇದೆ. ಅದು ಮೊದಲು ನೋಡೋದು ಹಡಗು ಯಾವ ಬಗೆಯದು ಅಂತ. ಡಿಸ್ಟ್ರಾಯರ್ ಆದರೆ ರಾಜಧಾನಿ, ದೊಡ್ಡ ಊರು, ಇಲ್ಲವೇ ರಾಜರು, ವೀರರ ಹೆಸರು. ಅದಕ್ಕಿಂತ ತುಸು ಸಣ್ಣದಾದ ಫ್ರಿಗೇಟ್‌ಗೆ ಬೆಟ್ಟ, ನದಿ, ಆಯುಧ. ನೀಲಗಿರಿ, ಗೋದಾವರಿ, ತಲ್ವಾರ್ ಬಂದದ್ದು ಹೀಗೆ. ಒಂದೇ ವರ್ಗದ, ಅಂದರೆ ಒಂದೇ ವಿನ್ಯಾಸದ ಹಡಗುಗಳಿಗೆ ಒಂದೇ ಅಕ್ಷರ ಅನ್ನೋ ರೂಢಿಯೂ ಇತ್ತು: ಗೋದಾವರಿ, ಗಂಗಾ, ಗೋಮತಿ. ಆದರೆ ವಿಶಾಖಪಟ್ಟಣಂ, ಮೊರ್ಮುಗಾವ್, ಇಂಫಾಲ, ಸೂರತ್ ನಾಲ್ಕೂ ಒಂದೇ ವರ್ಗದವು, ಅಲ್ಲಿ ಅಕ್ಷರ ಬಿಟ್ಟು ದೇಶದ ನಾಲ್ಕು ಮೂಲೆ ಹಿಡಿದರು. ರೂಢಿ ಅಂದರೆ ಅಷ್ಟೇ, ಬೇಕಾದಾಗ ಬಗ್ಗುತ್ತದೆ.

ಇನ್ನು ಮೈಸೂರು. ಬ್ರಿಟನ್ನಿನ ‘ನೈಜೀರಿಯಾ’ ಅನ್ನೋ ಹಳೆ ಕ್ರೂಸರ್ (ಇದೂ ಒಂದು ಬಗೆಯ ದೊಡ್ಡ ಯುದ್ಧನೌಕೆ) ಕೊಂಡು, 1957ರಲ್ಲಿ ಮೈಸೂರು ಅನ್ನೋ ಹೆಸರಿನಲ್ಲಿ ನೌಕಾಪಡೆಗೆ ಸೇರಿಸಿದರು. ಆಗ ನಮ್ಮ ರಾಜ್ಯದ ಹೆಸರೇ ಮೈಸೂರು, ಹುಬ್ಬಳ್ಳಿ-ಧಾರವಾಡ ಮುಂಬೈ ರಾಜ್ಯದಿಂದ ಬಂದು ಅದಕ್ಕೆ ಸೇರಿ ಇನ್ನೂ ವರ್ಷವೂ ತುಂಬಿರಲಿಲ್ಲ, ಅಂದ ಮೇಲೆ ಆ ಹೆಸರಿನಲ್ಲಿ ನಿಮ್ಮದೂ ಒಂದು ಪಾಲಿದೆ ಅಂದುಕೊಳ್ಳಬಹುದು! 1973ರಲ್ಲಿ ರಾಜ್ಯ ಕರ್ನಾಟಕವಾಯಿತು, ಹಡಗು ಮಾತ್ರ ಮೈಸೂರಾಗಿಯೇ ಉಳಿದು 1985ರಲ್ಲಿ ನಿವೃತ್ತಿಯಾಯಿತು. ಈಗಿರುವುದು 1999ರ ಹೊಸ ಡಿಸ್ಟ್ರಾಯರ್.

ನಮ್ಮ ಕಡೆಯ ಹೆಸರು ಇಲ್ಲವೇ ಇಲ್ಲ ಅಂತಲೂ ಅಲ್ಲ. 2005ರಲ್ಲಿ ಶುರುವಾದ ಕಾರವಾರದ ನೌಕಾನೆಲೆಯ ಹೆಸರು ಐಎನ್‌ಎಸ್ ಕದಂಬ. ಹಡಗಿನ ಹೆಸರಿನ ಮುಂದೆ ಹಾಕೋ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಅನ್ನೋದನ್ನು ನೆಲದ ಮೇಲಿನ ನೆಲೆಗೂ ಸೇರಿಸುತ್ತಾರೆ. ಬನವಾಸಿ, ಹಾನಗಲ್ಲಿನವರು ಖುಷಿಪಡಲಿ.

ಹುಬ್ಬಳ್ಳಿಗೆ ಕಷ್ಟ ಇರೋದು ಬೇರೆ ಕಡೆ. ಡಿಸ್ಟ್ರಾಯರ್‌ಗಳು ಕಡಿಮೆ, ಸಾಲಿನಲ್ಲಿ ಕಾದಿರೋ ರಾಜಧಾನಿಗಳೇ ಜಾಸ್ತಿ. ನನ್ನನ್ನು ಕೇಳಿದರೆ ಓಟು ಇಮ್ಮಡಿ ಪುಲಿಕೇಶಿಗೆ. ಅವನು ನೂರಾರು ಹಡಗು ತೆಗೆದುಕೊಂಡು ಹೋಗಿ ಪಶ್ಚಿಮ ಸಮುದ್ರದ ‘ಪುರಿ’ಯನ್ನು ಮುತ್ತಿದ ಅಂತ 634ರ ಐಹೊಳೆ ಶಾಸನವೇ ಹೇಳುತ್ತದೆ. ರಾಜರ ಹೆಸರಿಗೆ ಡಿಸ್ಟ್ರಾಯರ್‌ನಲ್ಲಿ ಜಾಗವೂ ಇದೆ. ಹುಬ್ಬಳ್ಳಿಯವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮುಳುಗಿದ ಹಡಗಿನ ಹೆಸರನ್ನು ಮತ್ತೆ ಇಡುತ್ತಾರಾ? ಅಪಶಕುನ ಅಲ್ವಾ?
(ಗದಗಿನ ಓದುಗರು)

ಉತ್ತರ: ಧಾರಾಳವಾಗಿ ಇಡುತ್ತಾರೆ. 1971ರ ಡಿಸೆಂಬರ್ 9ರಂದು ದೀವ್ ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಒಂದು ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿತು. ಅದರ ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅಂಥ ಹೆಸರನ್ನು ಅಪಶಕುನ ಅಂತ ಪಕ್ಕಕ್ಕಿಡೋದು ಹೇಗೆ? 1989ರಲ್ಲಿ ಹೊಸ ಖುಕ್ರಿ ಬಂತು, 2021ರವರೆಗೆ ದುಡಿಯಿತು. 2022ರಲ್ಲಿ ಅದನ್ನು ಸ್ಮಾರಕ ಮಾಡಲು ದೀವ್ ಆಡಳಿತಕ್ಕೇ ಒಪ್ಪಿಸಿದರು.