ಸಂಪಾದಕರ ಉತ್ತರ: ಆ ಆನೆಮುಖದ ಸಿಂಹ ಅಲ್ಲೇ ಇರ್ಲಿ ಬಿಡಿ

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಅಕ್ಕನ ಮಗ ಡಿಸೈನ್ ಓದ್ತಿದಾನೆ. ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬಿ ಅಜ್ಜಿ ಕಾಲದ್ದು, ಪೂರ್ತಿ ಬದಲಾಯಿಸ್ಬೇಕು ಅಂತಾನೆ. ನನಗೂ ಹೌದು ಅನ್ಸುತ್ತೆ. ನೀವೇನಂತೀರಿ?"

ಮೇಡಂ, ಹುಡುಗನ ಮಾತಲ್ಲಿ ಹುರುಳಿಲ್ಲ ಅಂತಲ್ಲ, ಕಾಲಕ್ಕೆ ತಕ್ಕ ಹಾಗೆ ಒಂಚೂರು ಬದಲಾಗ್ಬೇಕು ಸರಿ. ನಾನು ಒಪ್ಪೋದು ಅಷ್ಟೇ.

ಆ ಡಬ್ಬಿ ಹೇಗೆ ಬಂತು ಅಂತ ಅವನ ಕಾಲೇಜಲ್ಲಿ ಯಾರಾದ್ರೂ ಹೇಳ್ಕೊಟ್ಟಿದಾರಾ? ಮೊದಲನೇ ಮಹಾಯುದ್ಧದಲ್ಲಿ ಯುರೋಪಿಗೆ ಹೋಗ್ತಿದ್ದ ಗಂಧದ ಮರ ಹೋಗೋಕಾಗ್ದೆ ಇಲ್ಲೇ ರಾಶಿ ಬಿತ್ತು, ಆಗ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಸೇರಿ ಮರ ಮಾರೋದ್ಯಾಕೆ, ಎಣ್ಣೆನೇ ತೆಗೆಯೋಣ ಅಂತ 1916ರಲ್ಲಿ ಬೆಂಗಳೂರಲ್ಲಿ ಕಾರ್ಖಾನೆ ಹಾಕಿಸಿದ್ರು, ಅದಕ್ಕೆ ಬೇಕಾದ ಪ್ರಯೋಗ ಎಲ್ಲ ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಈಗಿನ ಐಐಎಸ್ಸಿಲಿ, ಸಡ್‌ಬರೋ, ವಾಟ್ಸನ್ ಅನ್ನೋ ಪ್ರೊಫೆಸರ್‌ಗಳು ಮಾಡಿಕೊಟ್ಟಿದ್ದು. ಆಮೇಲೆ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನ ಸೋಪು ಮಾಡೋದು ಕಲಿಯೋಕೆ ಇಂಗ್ಲೆಂಡಿಗೆ ಕಳ್ಸಿದ್ರು. ಜನ ಅವ್ರನ್ನ ಸೋಪ್ ಶಾಸ್ತ್ರಿ ಅಂತಲೇ ಕರೆದ್ರು!

ಈ ಶಾಸ್ತ್ರಿಗಳಿದ್ದಾರಲ್ಲ, ಅವ್ರು ಬರೀ ಕೆಮಿಸ್ಟ್ ಅಲ್ಲ. ಬೇರೆ ಸೋಪೆಲ್ಲ ಚೌಕಾಕಾರ ಇದ್ದಾಗ ಇದನ್ನ ಮೊಟ್ಟೆಯಾಕಾರ ಮಾಡಿದ್ರು, ಡಬ್ಬಿನ ಒಡವೆ ಪೆಟ್ಟಿಗೆ ಥರ ಹೂವಿನ ಚಿತ್ರ ಹಾಕಿ ಮಾಡ್ಸಿದ್ರು, 'ಶ್ರೀಗಂಧದ ತವರಿನಿಂದ' ಅಂತ ಬರೆಸಿದ್ರು. ಪ್ರಚಾರ ಅಂತೂ ಕೇಳ್ಬೇಡಿ, ಬೆಂಕಿಪೊಟ್ಟಣದ ಮೇಲೆ, ಟ್ರಾಮ್ ಟಿಕೆಟ್ ಮೇಲೆ, ಕರಾಚಿಲಂತೂ ಒಂಟೆಗಳ ಮೆರವಣಿಗೆನೇ ಮಾಡ್ಸಿದ್ರಂತೆ. ಇವತ್ತಿನ ಯಾವ ಏಜೆನ್ಸಿಗೆ ಹೊಳಿಯುತ್ತೆ ಹೇಳಿ ಇದು?

ಇನ್ನು ನಿಮ್ಮ ಅಕ್ಕನ ಮಗನಿಗೆ ಬಾಲಿಶ ಅನ್ಸಿರಬಹುದಾದ, ಡಬ್ಬಿ ಮೇಲಿನ ಆ ಶರಭ, ಆನೆ ತಲೆ ಸಿಂಹದ ಮೈ. ವಿಧಾನಸೌಧಕ್ಕೆ ಹೋಗಿ ನಮ್ಮ ರಾಜ್ಯದ ಲಾಂಛನ ನೋಡ್ಲಿ, ಗಂಡಭೇರುಂಡದ ಎರಡೂ ಪಕ್ಕ ನಿಂತಿರೋದು ಇವೇ. ಹಂಪಿಯ ಕಂಬಗಳ ಮೇಲೆ ಇವುಗಳ ನೆಂಟರು ಎಷ್ಟು ಬೇಕಾದ್ರೂ ಸಿಗ್ತಾರೆ. ಅಂಥ ಪ್ರಾಣಿನ ದಿನಾ ಬೆಳಗ್ಗೆ ಬಚ್ಚಲುಮನೆವರೆಗೂ ತಂದುಕೊಟ್ಟಿದೆ ಈ ಡಬ್ಬಿ, ನಿಮ್ಮ ಹುಡುಗ ಅದನ್ನ ತೆಗೆದು ಒಂದು ಎಲೆ ಬರೀತಾನೆ, ಅಷ್ಟೇ ತಾನೆ? ಈಗೆಲ್ಲ ಎಲ್ಲದಕ್ಕೂ ಎಲೆನೇ, ಶಾಂಪೂಗೂ ಎಲೆ, ಬ್ಯಾಂಕಿಗೂ ಎಲೆ.

2025ರಲ್ಲಿ ಈ ಸೋಪಿಗೆ ಮುಂಬೈ ನಟಿನ 6.2 ಕೋಟಿಗೆ ರಾಯಭಾರಿ ಮಾಡಿದ್ರು ಅಂತ ಎಷ್ಟು ಜಗಳ ಆಯ್ತು ನೆನಪಿದೆಯಲ್ಲ, ನಾವೂ ಕೂಗಾಡಿದ್ವಿ, ಸರಿ, ಆದ್ರೆ ಆ ಗಲಾಟೆಲಿ ಶಾಸ್ತ್ರಿಗಳ ಹೆಸರೆತ್ತಿದೋರು ಎಷ್ಟು ಜನ? ಮೆಟ್ರೋಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅಂತ ಸ್ಟೇಷನ್ ಇದೆ, ದಿನಾ ಹತ್ತಿ ಇಳಿಯೋರು ಮೊಬೈಲಿಂದ ತಲೆ ಎತ್ತಲ್ಲ. ಕಿಟಕಿ, ಬಾಗಿಲ ಮೇಲೆ ಮರದ ಚೂಪು ಮಾಡಿರೋ ಹಳೇ ಮಂಕಿ ಟಾಪ್ ಮನೆಗಳನ್ನ ಕೆಡವಿ ಗಾಜಿನ ಅಪಾರ್ಟ್‌ಮೆಂಟ್ ಕಟ್ಟಿ, ಅದರ ಲಾಬಿಲಿ ಮಂಕಿ ಟಾಪ್ ಫೋಟೋ ಫ್ರೇಮ್ ಹಾಕಿಸ್ತಾರೆ ಈ ಊರಲ್ಲಿ! ಕೈಯಲ್ಲಿ ಬೋರ್ಡ್ ಬರೀತಿದ್ದ ಕಲಾವಿದರಿಗೆ ಫ್ಲೆಕ್ಸ್ ಬಂದ್ಮೇಲೆ ಕೆಲಸ ಇಲ್ಲ, ಈಗ ಅದೇ ಅಕ್ಷರನ ರೆಟ್ರೋ ಅಂತ ಕೆಫೆಯೋರು ಕಂಪ್ಯೂಟರಲ್ಲಿ ಮಾಡಿಸ್ತಾರೆ.

ಯಾರ ಮನೆ ಅಟ್ಟದಲ್ಲಾದ್ರೂ ಹಳೇ ಸೋಪಿನ ಡಬ್ಬಿ, ಬೆಂಕಿಪೊಟ್ಟಣದ ಲೇಬಲ್ ಇದ್ರೆ ಗುಜರಿಗೆ ಹಾಕೋಕೆ ಮುಂಚೆ ಒಂದು ಫೋಟೋ ತೆಗೆದು ನಮಗೆ ಕಳಿಸಿ, ಮುಂದಿನ ಸಂಚಿಕೆಲಿ ಎರಡು ಪುಟ ಖಾಲಿ ಇಟ್ಟಿರ್ತೀನಿ.