ಗಾಡಿ ತುಂಬೋದು ಎಲ್ಲಿ, ಖಾಲಿ ಆಗೋದು ಎಲ್ಲಿ

ಪ್ರಶ್ನೆ: 20 ಲೀಟರ್ ನೀರಿನ ಕ್ಯಾನ್ ಸಪ್ಲೈ ಮಾಡ್ತೀನಿ ಸರ್. ಪಿಕಪ್ ಗಾಡಿಲಿ 60 ಕ್ಯಾನ್ ಹಿಡಿಸುತ್ತೆ, ಬೆಳಗ್ಗೆ 50 ತುಂಬ್ಕೊಂಡು ಹೊರಡೋದು. ಆದ್ರೂ ಖಾಲಿ ಕ್ಯಾನ್ ಇಡೋಕೆ ಜಾಗ ಇಲ್ಲ ಅಂತ ಡ್ರೈವರ್ ದಾರಿ ಮಧ್ಯದಿಂದ ಫೋನ್ ಮಾಡ್ತಾನೆ, ಸಂಜೆ ಖಾಲಿ ತರೋಕೆ ಅಂತಲೇ ಇನ್ನೊಂದು ಟ್ರಿಪ್ ಆಗುತ್ತೆ. ದೊಡ್ಡ ಗಾಡಿ ತಗೋಬೇಕಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಲೋನ್‌ಗೆ ಓಡಾಡೋ ಮುಂಚೆ ಗಾಡಿ ಯಾವ ಕಡೆಯಿಂದ ಸುತ್ತುತ್ತೆ ಅಂತ ಸ್ವಲ್ಪ ನೋಡಿ ಸರ್. ಮನೆಗಳಲ್ಲಿ ಒಂದು ಕೊಟ್ಟು ಒಂದು ಖಾಲಿ ತಗೊಳ್ಳೋದು, ಅಲ್ಲಿ ಗಾಡಿಲಿರೋ ಕ್ಯಾನ್ ಸಂಖ್ಯೆ ಬದಲಾಗೋದೇ ಇಲ್ಲ, ಹಾಗಾಗಿ ತೊಂದರೆ ಮನೆಗಳಿಂದ ಬರ್ತಿಲ್ಲ. ಮದುವೆ ಮುಗಿದ ಕಲ್ಯಾಣ ಮಂಟಪ ಇರುತ್ತಲ್ಲ, 10 ಬೇಕು ಅಂತಾರೆ, ಕೊಡೋಕೆ ಹೋದ್ರೆ 25 ಖಾಲಿ ಎತ್ತಿ ಕೊಡ್ತಾರೆ, ಕಷ್ಟ ಅಲ್ಲಿರೋದು.

ಉದಾಹರಣೆಗೆ ಮಂಟಪದಲ್ಲಿ 10 ಕೊಟ್ಟು 25 ತಗೊಳ್ಳೋದು, ಒಂದು ಪಿಜಿಲಿ 20 ಕೊಟ್ಟು 10, ಒಂದು ಆಫೀಸಲ್ಲಿ 20 ಕೊಟ್ಟು 10 ಅಂತ ಇಟ್ಕೊಳ್ಳಿ. ಮಂಟಪಕ್ಕೆ ಮೊದಲು ಹೋದ್ರೆ 50ರಲ್ಲಿ 10 ಹೋಗಿ 25 ಸೇರಿ 65 ಆಯ್ತು, ಗಾಡಿ ಅಲ್ಲೇ ಫುಲ್, 5 ಕ್ಯಾನ್ ಬಿಟ್ಟೇ ಬರ್ಬೇಕು. ಅದೇ ಸುತ್ತನ್ನ ಉಲ್ಟಾ ಹೊಡೀರಿ: ಆಫೀಸ್ ಆದ್ಮೇಲೆ 40, ಪಿಜಿ ಆದ್ಮೇಲೆ 30, ಕೊನೆಗೆ ಮಂಟಪದಿಂದ ಹೊರಟಾಗ 45. ಒನ್ ವೇ ಕಾಟ ಇಲ್ಲದಿದ್ರೆ ಕಿಲೋಮೀಟರ್ ಅಷ್ಟೇ, ಡೀಸೆಲ್ ಅಷ್ಟೇ, ಎರಡನೇ ಟ್ರಿಪ್ ಮಾತ್ರ ಇಲ್ಲ. ಒಟ್ಟು ಎಷ್ಟು ಕೊಡ್ಬೇಕು ಒಟ್ಟು ಎಷ್ಟು ತರ್ಬೇಕು ಅಂತ ಮಾತ್ರ ಕೂಡಿಸಿ ನೋಡಿದ್ರೆ ಇದು ಗೊತ್ತಾಗಲ್ಲ, ಯಾಕಂದ್ರೆ 50 ಕೂಡ 60ರೊಳಗೆ ಇದೆ, 45 ಕೂಡ ಇದೆ. ಪ್ರತಿ ಸ್ಟಾಪ್ ಬಿಟ್ಟ ತಕ್ಷಣ ಗಾಡಿಲಿ ಎಷ್ಟಿದೆ ಅಂತ ಬರೀಬೇಕು.

ತೂಕ ಬೇರೆ ವಿಷಯ. ತುಂಬಿದ ಕ್ಯಾನ್ 20 ಕೆಜಿ ಮೇಲೆ, ಖಾಲಿದು ಅದರ ಮುಂದೆ ಏನೂ ಅಲ್ಲ, ಅಂದ್ರೆ ತೂಕ ಹೊರಡುವಾಗಲೇ ಅತಿ ಹೆಚ್ಚು, ಆಮೇಲೆ ಇಳೀತಾನೇ ಹೋಗುತ್ತೆ. ಜಾಗ ಮಾತ್ರ ದಾರಿಲಿ ಎಲ್ಲಿ ಬೇಕಾದ್ರೂ ಕೈ ಕೊಡುತ್ತೆ.

ಮಂಟಪದವರು ಬೆಳಗ್ಗೇನೇ ನೀರು ಬೇಕು ಅಂತ ಹಠ ಹಿಡಿದ್ರೆ, ಅದು ನಿಮ್ಮ ಪ್ಲಾಂಟ್ ಹತ್ರಾನೇ ಇದ್ರೆ, ಹೋಗ್ತಾ ಕೊಟ್ಟುಬಿಟ್ಟು ವಾಪಸ್ ಬರ್ತಾ ಖಾಲಿ ಎತ್ಕೊಳ್ಳಿ. ಒಂದೇ ಜಾಗಕ್ಕೆ ಎರಡು ಸಲ ಯಾಕೆ ಅನ್ನಿಸುತ್ತೆ, ಆದ್ರೆ ಬರೋ ದಾರಿಲೇ ಇದ್ರೆ ಖರ್ಚೇನೂ ಇಲ್ಲ.

ಪ್ರಶ್ನೆ: ಇದಕ್ಕೆಲ್ಲ ಸಾಫ್ಟ್‌ವೇರ್ ಇಲ್ವಾ? ಗೂಗಲ್ ಮ್ಯಾಪಲ್ಲಿ ಸ್ಟಾಪ್ ಹಾಕಿದ್ರೆ ಸಾಲ್ದಾ?
— ಒಬ್ಬ ಓದುಗರು, ತುಮಕೂರು

ಉತ್ತರ: ಮ್ಯಾಪ್ ಆ್ಯಪು ನೀವು ಹಾಕಿದ ಆರ್ಡರಲ್ಲೇ ದಾರಿ ತೋರಿಸುತ್ತೆ, ಯಾರ ಮನೆ ಮೊದಲು ಅಂತ ತಾನಾಗೇ ಹೇಳಲ್ಲ, ಗಾಡಿಲಿ ಎಷ್ಟು ಲೋಡ್ ಇದೆ ಅನ್ನೋದಂತೂ ಅದಕ್ಕೆ ಗೊತ್ತೇ ಇಲ್ಲ. ಬರೀ 10 ಸ್ಟಾಪ್ ಇದ್ರೂ 36,28,800 ಥರ ಜೋಡಿಸ್ಬಹುದು, ಆದ್ರಿಂದ ದೊಡ್ಡ ಲಿಸ್ಟ್ ಆದ್ರೆ ಕಂಪ್ಯೂಟರ್ ಕೂಡ ಎಲ್ಲಾನೂ ನೋಡಲ್ಲ, ಒಂದು ಒಳ್ಳೆ ರೂಟ್ ಹಿಡಿದು ಅದನ್ನೇ ತಿದ್ದುತ್ತಾ ಹೋಗುತ್ತೆ. 1959ರಲ್ಲಿ ಡಾಂಟ್ಜಿಗ್ ಮತ್ತು ರಾಮ್ಸರ್ ಅನ್ನೋ ಇಬ್ರು ಪೆಟ್ರೋಲ್ ಬಂಕ್‌ಗಳಿಗೆ ಟ್ಯಾಂಕರ್ ಕಳಿಸೋ ಲೆಕ್ಕ ಬರೆದಾಗ ಬರೀ ಕೊಡೋದಷ್ಟೇ ಇತ್ತು. ನಿಮ್ಮ ಥರದ್ದು, ಅಂದ್ರೆ ಒಂದೇ ಭೇಟಿಲಿ ಕೊಡೋದು ತಗೊಳ್ಳೋದು ಎರಡೂ, 1989ರಲ್ಲಿ ಹೋಕಿ ಮಿನ್ ಅನ್ನೋರು ಬರೆದಿದ್ದು: ಅಮೆರಿಕದಲ್ಲಿ 2 ಗಾಡಿ, 22 ಲೈಬ್ರರಿ, ಪುಸ್ತಕ ಇಳಿಸಿ ಪುಸ್ತಕ ಹೇರ್ಕೊಂಡು ಬರೋದು.

ಕೋಡ್ ಬರೆಯೋ ಹುಡುಗ್ರು ಯಾರಾದ್ರೂ ಪರಿಚಯ ಇದ್ರೆ ಗೂಗಲ್‌ನವರ ಓಆರ್-ಟೂಲ್ಸ್ ಅನ್ನೋ ರೂಟ್ ಲೆಕ್ಕ ಹಾಕೋ ಸಾಫ್ಟ್‌ವೇರ್ ಫ್ರೀಯಾಗಿ ಸಿಗುತ್ತೆ. ಒಂದು ಎಚ್ಚರಿಕೆ, ತುಂಬಿದ್ದು ಖಾಲಿದು ಎರಡನ್ನೂ ಒಂದೇ ಅಂಕಿಯಲ್ಲಿ ಪ್ಲಸ್ ಮೈನಸ್ ಮಾಡಿ ಕೊಡ್ಬೇಡಿ, ಹಾಗೆ ಕೊಟ್ರೆ ಅದು ಮಂಟಪದಿಂದ ಎತ್ತಿದ ಖಾಲಿ ಕ್ಯಾನನ್ನೇ ಪಿಜಿಯವ್ರಿಗೆ ಕೊಟ್ಟುಬಿಡು ಅನ್ನೋ ಪ್ಲಾನ್ ಹಾಕಿಬಿಡ್ಬಹುದು, ಲೆಕ್ಕದಲ್ಲಿ ಸರಿ, ಗಿರಾಕಿ ಬೈತಾನೆ. ಎರಡೂ ಬೇರೆ ಬೇರೆ ಇಟ್ಟು, ಕೂಡಿಸಿದ್ದು 60 ದಾಟಬಾರ್ದು ಅಂತ ಹೇಳ್ಬೇಕು. ದಿನಕ್ಕೆ ಹತ್ತು ಹದಿನೈದು ಸ್ಟಾಪ್ ಇರೋರಿಗೆ ಎಕ್ಸೆಲ್ ಶೀಟೇ ಸಾಕು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ದು ಬೈಕಲ್ಲಿ ಪಾರ್ಸಲ್. ಒಂದು ಅಂಗಡಿಲಿ ತಗೊಂಡು ಇನ್ನೊಬ್ರ ಮನೆಗೆ ಕೊಡೋದು, ದಾರಿಲಿದ್ದಾಗಲೇ ಹೊಸ ಆರ್ಡರ್ ಬರುತ್ತೆ.
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮಲ್ಲಿ ತಗೊಳ್ಳೋದು ಮೊದಲು, ಕೊಡೋದು ಆಮೇಲೆ, ಎರಡೂ ಅದೇ ಬೈಕು, ಇದನ್ನ ಮುರಿಯೋ ಹಾಗಿಲ್ಲ. ಹೊಸ ಆರ್ಡರ್ ಬಂದಾಗ ಇಡೀ ಲಿಸ್ಟ್ ಕಲಸಬೇಡಿ. ಇರೋ ಸಾಲಲ್ಲೇ ಯಾವ ಎರಡು ಸ್ಟಾಪ್ ನಡುವೆ ಅಂಗಡಿ ಸೇರಿಸಿದ್ರೆ, ಅದರ ಮುಂದೆ ಎಲ್ಲಿ ಮನೆ ಸೇರಿಸಿದ್ರೆ ಎಕ್ಸ್‌ಟ್ರಾ ದೂರ ಕಮ್ಮಿ ಅಂತ ನೋಡಿ ಅಲ್ಲಿ ತೂರಿಸಿ. ಆಗ ಬ್ಯಾಗಲ್ಲಿ ಜಾಗ ಇರುತ್ತಾ, ಮೊದಲಿನವರಿಗೆ ಹೇಳಿದ ಟೈಮ್ ತಪ್ಪುತ್ತಾ ಅಂತಾನೂ ನೋಡ್ಕೊಳ್ಳಿ. ತಪ್ಪುತ್ತೆ ಅಂದ್ರೆ ಆ ಆರ್ಡರ್ ಬೇರೆ ಹುಡುಗನಿಗೆ ಕೊಡಿ.