ಪ್ರತಿ: ಪದ ಗೊತ್ತು, ಆದರೆ ಅಜ್ಜಿಯ ಮಾತು ತಿಳಿಯುವುದಿಲ್ಲ
‘ತೆಗೆ’ ಅಂದರೆ ಮರಾಠಿಯ ‘ಕಾಢ್’ ಅಂತ ಮಗಳಿಗೆ ಗೊತ್ತು, ಆದರೂ ಅಜ್ಜಿ ‘ಬಾಗಿಲು ತೆಗೆ’ ಅಂದರೆ ಸುಮ್ನೆ ನಿಲ್ಲುತ್ತಾಳೆ ಅಂದಿರಿ. ಕಾರಣ ಬಹುಶಃ ನೀವು ಬಾಯಿಪಾಠ ಮಾಡಿಸಿದ ಕನ್ನಡ-ಮರಾಠಿ ಪದಗಳ ಪಟ್ಟಿಯೇ. ಬಾಗಿಲಿಗೆ ಮರಾಠಿಯಲ್ಲಿ ‘ಕಾಢ್’ ಅಲ್ಲ, ‘ಉಘಡ್’ ಅಂತಾರೆ, ಅಲ್ವಾ? ನಾವು ಬಾಗಿಲನ್ನೂ ತೆಗೆಯುತ್ತೇವೆ, ಜಗಳವನ್ನೂ ತೆಗೆಯುತ್ತೇವೆ.

ಪದದ ಅರ್ಥ ಅದರ ಬಳಕೆಯಲ್ಲಿದೆ ಅಂದವರು ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್. 1953ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಮೇಸ್ತ್ರಿ ‘ಚಪ್ಪಡಿ’ ಅಂತ ಕೂಗುತ್ತಾನೆ, ಕೈಯಾಳು ತಂದು ಕೊಡುತ್ತಾನೆ. ಅಷ್ಟರಲ್ಲೇ ಮಾತು ನಡೆಯುತ್ತದೆ.

ಮೊದಲು ಪಟ್ಟಿ ಎತ್ತಿಡಿ. ಒಂದು ವಾರ ‘ತೆಗೆ’, ‘ಹಾಕು’ ಎರಡೇ ಸಾಕು. ಬೆಲ್ ಆದಾಗ ‘ಬಾಗಿಲು ತೆಗೆ’ ಅನ್ನುತ್ತಲೇ ಚಿಲಕ ಸರಿಸಿ. ‘ಬಾಗಿಲು ಹಾಕು’ ಅನ್ನುತ್ತಾ ಮುಚ್ಚಿ. ‘ಅನ್ನ ಹಾಕು’ ಅನ್ನುವಾಗ ಸೌಟು ಅವಳ ಕೈಗೆ ಕೊಡಿ. ಆಮೇಲೆ ಅವಳು ಹೇಳಲಿ, ನೀವು ಮಾಡಿ. ಇದನ್ನು ಮಾತ್ರ ಬಿಡಬೇಡಿ, ನಮ್ಮ ಮಗನಿಗೆ ಕನ್ನಡ ಬಂದಿದ್ದೇ ಹೀಗೆ. ತಪ್ಪಿದರೆ ವಿವರಿಸಬೇಡಿ, ಮಾಡಿ ತೋರಿಸಿ.

ಎಷ್ಟು ದಿನ ಬೇಕೋ, ಅದು ಮಗುವಿನಿಂದ ಮಗುವಿಗೆ ಬೇರೆ. ಮುಂಬೈ ಹತ್ತಿರದ ನಿಮ್ಮ ಡೊಂಬಿವಲಿಯಲ್ಲಿ ಶಾಲೆ, ಅಂಗಡಿ ಎಲ್ಲಾ ಕಡೆ ಮರಾಠಿ ಕಿವಿಗೆ ಬೀಳುತ್ತದೆ, ಹಾಗಾಗಿ ನಡುವೆ ಮರಾಠಿ ಬಂದರೆ ಬರಲಿ. ಅಜ್ಜಿ ಧಾರವಾಡದ ಕಡೆಯವರಾದರೆ ‘ಬಾಗಲಾ ತಗಿ’ ಅಂತಾರೆ, ಅದೂ ಅವಳ ಕಿವಿಗೆ ಬೀಳಲಿ.